ಮೊದಲ್ನೇ ದಿನದ ಕಾಯಿ

ನಮ್ಮ ಮಹಿಳಾ ಸಂಘದಲ್ಲಿ ನಂಗೊಂದು ಹುದ್ದೆ ಐತೆ. ಯುವ ಕಾರ್ಯದರ್ಶಿ. ನನ್ನ ವಿದ್ಯೆ ಬುದ್ಧಿ ನೋಡಿ ಕೊಟ್ಟಿದ್ದಲ್ಲ. ಅಷ್ಟು ಜನ ಹೆಂಗಸರಲ್ಲಿ ಗ್ಲಾಸ್ ಒಡೀದೇ ಇರೋ ಫೋನು ಇದ್ದಿದ್ದು ನಂದೊಂದೇ, ಅದಕ್ಕೆ. ಆರಿಸಿದ ದಿನ ಸಾಯಂಕಾಲನೇ ಆ ಫೋನು ಹಸದ ಕಲಗಚ್ಚಿನ ಬಾನೀಗೆ ಬಿತ್ತು. ಹಸ ಮೂಸಿ ನೋಡಿ, ಬ್ಯಾಡ ಅಂತ ಮುಖ ತಿರುಗಿಸ್ತು. ಫೋನು ಹೋಯ್ತು, ಹುದ್ದೆ ಉಳ್ಕಂತು.

ಸಂಘ ಅಂದ್ರೆ ವಾರವಾರ ದುಡ್ಡು ಕಟ್ಟೋ ಸಂಘ ಅಲ್ಲ. ನಮ್ದು ಜಗಳ ಆಡೋ ಸಂಘ. ಗಂಡ ಹೊಡೆದ ಅಂತ ಯಾರಾದ್ರೂ ಬಂದ್ರೆ ಅವಳ ಜೊತೆ ಸ್ಟೇಷನ್ನಿಗೆ ಹೋಗೋದು. ಹೆಣ್ಣುಮಗಳ ಹೆಸರು ತೋಟದ ಪಹಣೀಲಿ ಬರೋ ಗಂಟ ತುರುವೇಕೆರೆ ತಾಲ್ಲೂಕ್ ಆಫೀಸಿಗೆ ಅಲೆಯೋದು. ಓದೋ ಹುಡುಗೀಗೆ ಗಂಡು ನೋಡ್ತಾವ್ರೆ ಅಂತ ಗೊತ್ತಾದ್ರೆ ಅವ್ರ ಮನೇಗೆ ಹೋಗಿ, ಕಾಫಿ ಕುಡ್ಕಂಡೇ ಅದನ್ನ ನಿಲ್ಸೋದು. ಮೀಟಿಂಗು ನಡೆಯೋದು ಹಾಲಿನ ಡೈರಿ ಪಕ್ಕದ ಹಳೇ ಕೊಬ್ಬರಿ ಗೋಡೌನಿನಲ್ಲಿ. ಅಲ್ಲಿ ಕೊಬ್ಬರಿ ತುಂಬೋದು ನಿಂತು ಬಾಳ ಕಾಲ ಆದ್ರೂ ಗೋಡೆ ಇನ್ನೂ ಎಣ್ಣೆ ವಾಸ್ನೆ ಹೊಡೀತದೆ. ಒಂದು ಮಧ್ಯಾಹ್ನ ಕೂತು ಎಲ್ರನ್ನೂ ಬೈದು ಎದ್ದು ಬಂದ್ರೆ, ಯಾರೋ ತಲೆಗೆ ಎಣ್ಣೆ ತಟ್ಟಿ ಕಳಿಸ್ದಂಗೆ ತಂಪಾಗಿರ್ತದೆ.

ಈ ಸಂಘದಲ್ಲಿ ವರ್ಷ ಶುರುವಾಗೋದು ಸಂಕ್ರಾಂತಿ ಕಳೆದ ಮೇಲೆ. ಅವತ್ತು ಒಂದು ಕಾಯಿ ಒಡೀತಾರೆ. ಚೂರು ಮಾಡಿ ಒಬ್ಬೊಬ್ರಿಗೆ ಒಂದೊಂದು ಕೊಡ್ತಾರೆ. ಚೂರು ಕೈಗೆ ಬಂದೋಳು ಎದ್ದು ನಿಂತು, ಈ ವರ್ಷ ನಾನು ಈ ಕೆಲ್ಸ ಮಾಡ್ತೀನಿ ಅಂತ ಒಂದು ಮಾತು ಹೇಳಿ ಚೂರು ತಿನ್ನಬೇಕು. ತಿಂದ ಮೇಲೆ ವಾಪಸ್ ಇಲ್ಲ. ತಿನ್ನದಿದ್ದೋಳಿಗೆ ಆ ವರ್ಷ ಯಾವ ಕೆಲ್ಸನೂ ಇಲ್ಲ, ಸುಮ್ನೆ ಬಂದು ಚಾಪೆ ಮೇಲೆ ಕೂತು ಎದ್ದು ಹೋಗಬೋದು. ಬರಹದಲ್ಲಿ ಎಲ್ಲೂ ಇಲ್ಲದ ಕಾನೂನು ಇದು. ಬರೆದ ಕಾನೂನನ್ನ ನಮ್ಮೂರಲ್ಲಿ ಯಾರೂ ಇಷ್ಟು ಪಾಲಿಸಲ್ಲ.

ಈ ಕಾನೂನು ಮಾಡಿದ್ದು ನನ್ನ ಚಿಕ್ಕಮ್ಮ. ನಮ್ಮಪ್ಪನ ತಮ್ಮನ ಹೆಂಡ್ತಿ. ಸಂಘದ ಗಂಟಲು ಅವಳೇ ಆಗಿದ್ಲು. ಕಿಬ್ಬನಹಳ್ಳಿ ಕ್ರಾಸಿನ ಹತ್ರ ಒಂದು ಕೊಬ್ಬರಿ ಅಂಗಳ ಐತೆ. ನಮ್ಮೂರಿನ ಎಷ್ಟೋ ಹೆಂಗಸ್ರು ಅಲ್ಲಿ ಕಾಯಿ ಸುಲಿಯೋಕೆ, ಕೊಬ್ಬರಿ ಬಿಡಿಸೋಕೆ ಹೋಗ್ತಾರೆ. ಅಲ್ಲಿನ ಕಕ್ಕಸಿಗೆ ಬಾಗಿಲಿತ್ತು, ಚಿಲಕ ಇರ್ಲಿಲ್ಲ. ಒಬ್ರು ಒಳಗೆ ಹೋದ್ರೆ ಇನ್ನೊಬ್ರು ಹೊರಗೆ ಬಾಗಿಲು ಹಿಡ್ಕಂಡು ನಿಲ್ಲಬೇಕು. ಚಿಕ್ಕಮ್ಮ ಹೋಗಿ ಅಂಗಳದ ಯಜಮಾನನ ಮುಂದೆ ಕೂತ್ಲು. "ನಿಮ್ಮ ಆಫೀಸಿನ ಬಾಗಿಲ ಚಿಲಕ ಬಿಚ್ಚಿ ಕೊಡ್ರಿ, ನಾವೇ ಹಾಕ್ಕಂತೀವಿ" ಅಂದ್ಲು. ಆತ ನಗ್ತಾ ಇದ್ದ. ಇವಳು ಸೀರೆ ಸೆರಗಿನಿಂದ ಸ್ಕ್ರೂಡ್ರೈವರ್ ತೆಗೆದಾಗ ನಗು ನಿಂತ್ತು. ಮಾರನೇ ದಿನ ಕಕ್ಕಸಿಗೆ ಚಿಲಕ ಬಂತು, ಹಿತ್ತಾಳೇದು.

ಹೋದ ವರ್ಷದ ಮೊದಲ್ನೇ ದಿನ ಚಿಕ್ಕಮ್ಮ ಚೂರು ಹಿಡ್ಕಂಡು ಹೇಳಿದ ಮಾತು ಬಸ್ಸಿಂದು. ಸಾಯಂಕಾಲ ಅಂಗಳದಿಂದ ಈಚೆ ಬರೋ ಹೆಂಗಸರ ಮೈ ತುಂಬಾ ನಾರಿನ ಪುಡಿ ಇರ್ತದೆ. ಸೀಟು ಕೊಳೆ ಆಗ್ತದೆ ಅಂತ ಒಂದು ಪ್ರೈವೇಟ್ ಬಸ್ಸಿನೋರು ಇವರನ್ನ ನೋಡಿದ್ರೂ ನೋಡದಂಗೆ ಹೋಗ್ಬಿಡೋರು. "ಆ ಬಸ್ಸು ನಿಲ್ಲಿಸ್ತೀನಿ" ಅಂತ ಚಿಕ್ಕಮ್ಮ ಚೂರು ತಿಂದ್ಲು. ಆಮೇಲೆ ಮಳೆಗಾಲದಲ್ಲಿ ಚಿಕ್ಕಪ್ಪ ತೀರ್ಕಂಡ. ಬಸ್ಸಿನ ಮಾತು ಅಲ್ಲಿಗೇ ನಿಂತ್ತು. ಚಿಕ್ಕಮ್ಮನೂ ನಿಂತ್ಲು. ಸಂಘಕ್ಕೆ ಬರಲ್ಲ, ಯಾರ ಮನೆ ಕಾರ್ಯಕ್ಕೂ ಹೋಗಲ್ಲ. ಹಸ, ತೋಟ, ಅಟ್ಟದ ಕೆಳಗಿನ ಮೂಲೆ, ಅಷ್ಟೇ. ಹಿಂಗಿರು ಅಂತ ಯಾರೂ ಹೇಳ್ಲಿಲ್ಲ. ಹಿಂಗಿರಬ್ಯಾಡ ಅಂತನೂ ಯಾರೂ ಹೇಳ್ಲಿಲ್ಲ.

ಈ ವರ್ಷದ ಮೊದಲ್ನೇ ದಿನ ಅವಳು ಬಂದು ಚೂರು ತಿನ್ನದಿದ್ರೆ ಇನ್ನೊಂದು ವರ್ಷ ಹೋಗ್ತದೆ. ಎರಡು ವರ್ಷ ಮೂಲೇಲಿ ಕೂತೋರು ಆಮೇಲೆ ಅಲ್ಲೇ ಬೇರು ಬಿಡ್ತಾರೆ. ಅವಳನ್ನ ಕರ್ಕಂಡು ಬರೋ ಕೆಲ್ಸ ನಾನು ತಗಂಡೆ. ಯಾರೂ ಕೊಟ್ಟಿದ್ದಲ್ಲ. ನಂಗೆ ಕೊಟ್ಟಿದ್ದು ಕಾಯಿ ಕೆಲ್ಸ.

ಅದೂ ಒಂದು ಕತೆ. ಅಷ್ಟು ವರ್ಷನೂ ನಮ್ಮ ಸಂಘದ ಕಾಯಿ ಒಡೀತಿದ್ದೋರು ಗೋಡೌನಿನ ಯಜಮಾನ್ರು, ಊರಿಗೆಲ್ಲಾ ಮಾವ. ಹೆಂಗಸರು ಮಂಗಳಕಾರ್ಯದಲ್ಲಿ ಕಾಯಿ ಒಡೀಬಾರ್ದು ಅಂತ ಒಂದು ಪದ್ಧತಿ. "ಮರದ ಬುಡಕ್ಕೆ ನೀರು ಹಾಕೋದು ನಾವು, ಹೊರೋದು ನಾವು, ಸುಲಿಯೋದು ನಾವು. ಟಪ್ ಅಂತ ಒಡೆಯೋಕೆ ಮಾತ್ರ ಇವ್ರು ಜುಬ್ಬಾ ಹಾಕ್ಕಂಡು ಬರ್ಬೇಕು" ಅಂತ ಚಿಕ್ಕಮ್ಮ ಹಿಂದೇನೇ ನಗ್ತಿದ್ಲು. ಈ ವರ್ಷ ಹೆಂಗಸೇ ಒಡೀಬೇಕು ಅಂತ ಕೊನೆಗೂ ತೀರ್ಮಾನ ಆಯ್ತು. ಯಾರು ಅನ್ನೋ ಪ್ರಶ್ನೆ ಬಂದಾಗ ಎಲ್ರೂ ಎಲ್ರ ಮುಖ ನೋಡಿದ್ರು. ನಮ್ಮ ಅಧ್ಯಕ್ಷೆ, ರಿಟೈರ್ ಆದ ಅಂಗನವಾಡಿ ಟೀಚರಮ್ಮ, ಕನ್ನಡಕದ ಮೇಲಿಂದ ನನ್ನ ನೋಡಿದ್ರು.

"ಇವಳಿಗೆ ಮದ್ವೆ ಆಗಿಲ್ಲ, ಮಕ್ಕಳಿಲ್ಲ, ಬಸುರಿಯಲ್ಲ, ಬಾಣಂತಿಯಲ್ಲ. ಯಾವ ಶಾಸ್ತ್ರಕ್ಕೂ ಸಿಗಲ್ಲ. ಇವಳೇ ಒಡೀಲಿ" ಅಂದ್ರು.

"ಆದ್ರೆ ಇವಳು ಕೈಯಲ್ಲಿ ಹಿಡಿದಿದ್ದು ಯಾವ್ದು ಉಳಿದೈತೆ ಕಣಕ್ಕಾ?" ಅಂದ್ಲು ಟೈಲರ್ ಅಕ್ಕ. ನಮ್ಮೂರಲ್ಲಿ ಬ್ಲೌಸ್ ಹೊಲಿಯೋಳು, ಬಾಯಿ ಕತ್ತರಿಗಿಂತ ಚೂಪು.

"ಒಡೆಯೋ ಕೆಲ್ಸ ತಾನೇ? ಅದಕ್ಕೆ ಸರಿಯಾದೋಳೇ ಬುಡು" ಅಂದ್ರು ಟೀಚರಮ್ಮ.

ಹಂಗೆ ನಾನು ಇತಿಹಾಸಕ್ಕೆ ಆಯ್ಕೆ ಆದೆ.

ಕಾಯಿ ಯಾವಾಗ್ಲೂ ಚಿಕ್ಕಮ್ಮನ ತೋಟದ್ದೇ ಆಗ್ಬೇಕು. ಅವತ್ತು ಮೀಟಿಂಗು ಮಧ್ಯಾಹ್ನದ ಮೇಲೆ. ನಾನು ಬೆಳಿಗ್ಗೆನೇ ಹೋದೆ. ಮಂಜು ಇನ್ನೂ ತೋಟದೊಳಗೇ ಇತ್ತು. ತೆಂಗಿನ ಮರಗಳಿಗೆ ಬುಡ ಇತ್ತು, ತಲೆ ಇರ್ಲಿಲ್ಲ. ಎಲ್ಲಾ ಮರಾನೂ ಮಂಜೊಳಗೆ ಕಂಬಳಿ ಹೊದ್ದು ಇನ್ನೊಂದು ನಿದ್ದೆ ಮಾಡ್ತಾ ಇದ್ದಂಗಿತ್ತು. ಎಲ್ಲೋ ಒಂದು ಗರಿ ಕಳಚಿ ಬೀಳೋ ಸದ್ದು ಮೊದ್ಲು ಬಂತು, ಗರಿ ಎಷ್ಟೋ ಹೊತ್ತಾದ ಮೇಲೆ ಬಿದ್ದಂಗೆ ಅನ್ನಿಸ್ತು. ನಾನು ಮನಸಲ್ಲೇ ಭಾಷಣ ತಯಾರಿ ಮಾಡ್ಕಂಡು, ಕಾಲುವೆ ದಾಟೋವಾಗ ಅದರಲ್ಲೇ ಮುಳುಗಿ, ಒಂದು ಕಾಲನ್ನ ನೀರಲ್ಲೂ ಮುಳುಗಿಸ್ದೆ.

ಚಿಕ್ಕಮ್ಮ ಹಾಲು ಕರೀತಾ ಇದ್ಲು. ನನ್ನ ಒದ್ದೆ ಕಾಲು ನೋಡಿ ಏನೂ ಕೇಳ್ಲಿಲ್ಲ. ನನ್ನ ಹುಟ್ಟಿನಿಂದ ನೋಡಿರೋಳು.

"ಚಿಕ್ಕಮ್ಮ, ಇವತ್ತು ಬಾ."

"ಕಾಯಿ ಅಟ್ಟದ ಕೆಳಗೆ ಮೂಲೇಲಿ ಹಾಕಿದೀನಿ. ಹಸೀವು. ಒಳ್ಳೇದೊಂದು ನೋಡಿ ತಗಂಡು ಹೋಗು."

"ಕಾಯಿ ಅಲ್ಲ, ನೀನು."

"ಮೊದಲ್ನೇ ದಿನ ಬ್ಯಾಡ ಕಣೇ. ಅರಿಶಿನ ಕುಂಕುಮದ ತಟ್ಟೆ ಇಟ್ಟಿರ್ತಾರೆ. ಒಳ್ಳೇ ಕೆಲ್ಸ ಶುರು ಮಾಡೋ ಹೊತ್ನಾಗೆ ನಾನ್ಯಾಕೆ ಮುಂದೆ ನಿಂತ್ಕಳ್ಳಿ? ಆಮೇಲೊಂದು ದಿನ ಬತ್ತೀನಿ ಬುಡು."

"ಆಮೇಲೆ ಬಂದ್ರೆ ಚೂರಿಲ್ಲ. ನೀನೇ ಮಾಡಿದ ಕಾನೂನು."

ಅವಳು ಹಸದ ಹೊಟ್ಟೆಗೆ ಹಣೆ ಒರಗಿಸಿ ಹಾಲು ಕರೀತಾನೇ ಇದ್ಲು. ಹಣೆ ಮೇಲಿನ ವಿಭೂತಿ ಒಂಚೂರು ಹಸಕ್ಕೂ ಅಂಟಿತ್ತು. ನಾನು ಮಾಡ್ಕಂಡಿದ್ದ ಭಾಷಣವೆಲ್ಲಾ ಕಾಲುವೇಲಿ ಹೋಗಿತ್ತು. ಬಾಯಿಗೆ ಬಂದಿದ್ದು ಇಷ್ಟೇ: "ನೀನು ಬರದಿದ್ರೆ ನಾನು ಕಾಯನ್ನ ಕಲ್ಲಿನ ಬದ್ಲು ಮಾವನ ಕಾಲಿಗೆ ಹೊಡೀತೀನಿ."

"ಅವರ ಕಾಲಿಗೆ ಗುರಿ ಇಟ್ರೆ ನಿನ್ನ ಕಾಲಿಗೆ ಬೀಳ್ತದೆ" ಅಂದ್ಲು. ನಗ್ಲಿಲ್ಲ. ಆದ್ರೆ ಹಾಲಿನ ಸದ್ದು ಒಂದು ಗಳಿಗೆ ತಪ್ಪಿ ಮತ್ತೆ ಶುರುವಾಯ್ತು.

ಇನ್ನೊಂದ್ಸಲ ಕೇಳೋಕೆ ಧೈರ್ಯ ಬೇಕಿತ್ತು. ಧೈರ್ಯ ಬೇಕಾದಾಗ ನಾನು ಚಿಕ್ಕಂದಿನಿಂದ್ಲೂ ಅಟ್ಟ ಹತ್ತೋದು.

ನಮ್ಮ ಕಡೆ ಕೊಬ್ಬರಿ ಬಿಸಿಲಲ್ಲಿ ಆಗಲ್ಲ, ಕತ್ತಲಲ್ಲಿ ಆಗ್ತದೆ. ಕಾಯನ್ನ ಸುಲೀದೆ, ನಾರಿನ ಮಟ್ಟೆ ಸಮೇತ ಅಟ್ಟದ ಮೇಲೆ ಸುರಿದು ಹೆಚ್ಚೂಕಮ್ಮಿ ಒಂದು ವರ್ಷ ಹಂಗೇ ಬಿಟ್ಬಿಡ್ತಾರೆ. ಒಳಗಿನ ನೀರು ತಾನಾಗೇ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಕಂಡು ಒಂದು ಉಂಡೆ ಆಗ್ತದೆ. ಅಲ್ಲಾಡಿಸಿದ್ರೆ ಒಳಗೆ ಲೊಟಲೊಟ ಅಂತ ಉರುಳ್ತದೆ. ಅಟ್ಟದ ಮೇಲೆ ಸುಮ್ನೆ ಮಲಗಿದ್ರೆ ಯಾವುದೋ ಒಂದು ಕಾಯಿ ಟಕ್ ಅಂತದೆ, ಬಾಳ ಹೊತ್ತಾದ ಮೇಲೆ ಇನ್ನೆಲ್ಲೋ ಇನ್ನೊಂದು. ಕಾಯಿಗಳು ಮಾತಾಡ್ಕಂತಾವೆ ಅಂತ ನಾನು ನಂಬಿದ್ದೆ. ಏನಂತಾವೆ ಅಂತ ಕೇಳಿದ್ದಕ್ಕೆ ಚಿಕ್ಕಮ್ಮ ಒಂದಿನ ಹೇಳಿದ್ಲು, "ಮಲಗು, ಮಲಗು ಅಂತಾವೆ." ಅವಳಿಗೆ ಕೆಲ್ಸ ಇತ್ತು ಅಂತ ಈಗ ಅರ್ಥ ಆಗ್ತದೆ.

ಅವತ್ತೂ ಹಂಗೇ ಅಂದ್ವು. ಹೆಂಚಿನ ಸಂದೀಲಿ ಬಿಸಿಲು ಕೋಲು ಕೋಲಾಗಿ ಇಳಿದಿತ್ತು. ಕೋಲಿನೊಳಗೆ ನಾರಿನ ದೂಳು ಮೇಲಕ್ಕೂ ಹೋಗದೆ ಕೆಳಕ್ಕೂ ಇಳೀದೆ ತೇಲ್ತಾ ಇತ್ತು. ಒಂದು ಕಾಯಿ ತಲೆ ಕೆಳಗೆ ಇಟ್ಕಂಡು, ಎರಡ್ನೇ ಭಾಷಣ ಯೋಚಿಸ್ತಾ ಕಣ್ಣು ಮುಚ್ಚಿದೆ.

ಕನಸಲ್ಲಿ ಅಟ್ಟದ ಕಾಯಿಗಳೆಲ್ಲಾ ಮೀಟಿಂಗ್ ಕರೆದಿದ್ವು. ಒಂದೊಂದಕ್ಕೂ ಎಣ್ಣೆ ಹಚ್ಚಿ ಬಾಚಿದ ಜುಟ್ಟು. ನನ್ನ ನಿಲ್ಲಿಸ್ಕಂಡು ವಿಚಾರಣೆ. "ನಮ್ಮನ್ನ ಇಷ್ಟು ದಿನ ಕತ್ತಲಲ್ಲಿ ಯಾಕಿಟ್ಟಿದೀರಿ?" ಅಂತ ಒಂದು ದಪ್ಪ ಕಾಯಿ ಕೇಳ್ತು, ದನಿ ಥೇಟು ಟೈಲರ್ ಅಕ್ಕಂದು. ನಾನು ಯುವ ಕಾರ್ಯದರ್ಶಿ, ನಂಗೇನೂ ಗೊತ್ತಿಲ್ಲ ಅಂದೆ. ಎಲ್ಲಾ ಸೇರಿ ಲೊಟಲೊಟ ನಕ್ವು. ಆಮೇಲೆ ಅವು ಒಂದೊಂದಾಗಿ ಹೆಂಚು ಸರಿಸಿ, ಮಂಜೊಳಗೆ ತೇಲ್ಕಂಡು, ಮರಗಳ ತಲೆ ಕಡೆಗೆ ವಾಪಸ್ ಹೊರಟ್ವು. ನಾನೂ ಬತ್ತೀನಿ ಅಂತ ಒಂದರ ಜುಟ್ಟು ಹಿಡ್ಕಂಡೆ. ಕಾಲು ಅಟ್ಟದಿಂದ ಮೇಲಕ್ಕೆ ಎದ್ದಿತ್ತು. ತೋಟ ಪೂರ್ತಿ ಕೆಳಗೆ ಹಸುರು ನೀರಿನಂಗೆ ಕಾಣ್ತಿತ್ತು.

ಅಷ್ಟರಲ್ಲಿ ಕೆಳಗಿಂದ ಯಾರೋ ಅಟ್ಟದ ಹಲಗೆಗೆ ಕೋಲಲ್ಲಿ ದಬದಬ ಬಡಿದ್ರು.

"ಲೇ, ಹೊತ್ತು ನೆತ್ತಿ ಮೇಲಿಂದ ಇಳೀತು! ಮೀಟಿಂಗು ನಿನ್ನ ಮದ್ವೆ ಗಂಟ ಕಾಯ್ತದಾ?" ಚಿಕ್ಕಮ್ಮನ ದನಿ.

ನಾನು ಎದ್ದೆ. ಎದ್ದೆ ಅನ್ನೋದಕ್ಕಿಂತ ಉರುಳಿದೆ. ಏಣಿ ಇಳಿದು ಹಿತ್ತಿಲಿಗೆ ಓಡಿ ನೋಡ್ತೀನಿ, ಕಂಕುಳಲ್ಲಿ ಕಾಯಿ ಐತೆ. ಕನಸಲ್ಲಿ ಹಿಡ್ಕಂಡಿದ್ದು. ಸರಿ, ಕಾಯಿ ಆಯ್ತಲ್ಲ! ಎರಡ್ನೇ ಭಾಷಣ ಹೇಳೋಣ ಅಂದ್ರೆ ಚಿಕ್ಕಮ್ಮ ಆಗ್ಲೇ ಹಸಕ್ಕೆ ಮೇವು ಹಾಕೋಕೆ ಆಕಡೆ ಹೋಗಿದ್ಲು. ಮಟ್ಟೆ ಸುಲಿಯೋಕೆ ನೆಲಕ್ಕೆ ನೆಟ್ಟಿರೋ ಕಬ್ಬಿಣದ ಗೂಟಕ್ಕೆ ಕಾಯಿ ಕುಕ್ಕಿದೆ. ಗೂಟ ನಂದೊಂದು ಬಳೆ, ಚೂಡಿದಾರದ ತೋಳು ಎಲ್ಲಾ ಸುಲೀತು, ಕೊನೆಗೆ ಮಟ್ಟೇನೂ ಸುಲೀತು. ಪೂಜೆ ಕಾಯಿಗೆ ಜುಟ್ಟು ಬಿಡ್ಬೇಕು ಅಂತ ನೆನಪಾಗಿ ಒಂದು ಕಡೆ ಬಿಟ್ಟೆ. ಅದು ವಾಲ್ಕಂಡು ಕಿವಿ ಮೇಲೆ ಬಿತ್ತು. ಕಾಯಿಗೆ ಕಿವಿ ಇದ್ದಿದ್ರೆ.

ಎತ್ತಿದ್ರೆ ಹಗುರ ಇತ್ತು. ನನ್ನ ತೋಳಿಗೆ ಶಕ್ತಿ ಬಂದೈತೆ ಅನ್ಕಂಡೆ. ಅಲ್ಲಾಡಿಸಿದ್ರೆ ಸದ್ದು ಬಂತು. ನೀರು ಚೆನ್ನಾಗೈತೆ ಅನ್ಕಂಡೆ. ತೆಂಗಿನ ಸೀಮೇಲಿ ಹುಟ್ಟಿ, ತೆಂಗಿನ ಎಣ್ಣೇಲಿ ಮಿಂದು, ತೆಂಗಿನ ದುಡ್ಡಲ್ಲಿ ಡಿಗ್ರಿ ಓದಿದ ಹುಡುಗಿ ಮಾಡಿದ ತೀರ್ಮಾನ ಇದು. ದಯವಿಟ್ಟು ನಮ್ಮ ಕಾಲೇಜಿಗೆ ಯಾರೂ ಹೇಳಬ್ಯಾಡಿ.

ಗೋಡೌನಿನಲ್ಲಿ ಎಲ್ರೂ ಬಂದು ಕೂತಾಗಿತ್ತು. ಬಾಗಿಲ ಒಳಗೆ ಒಡೆಯೋ ಕಲ್ಲು, ಅದಕ್ಕೆ ಅರಿಶಿನ ಕುಂಕುಮ, ಊದಿನಕಡ್ಡಿ. ಪಕ್ಕದಲ್ಲಿ ಕುಂಕುಮ, ಸೇವಂತಿಗೆ ಹೂವು ಇಟ್ಟ ತಟ್ಟೆ. ಮಾವನೂ ಬಂದಿದ್ರು, ಜುಬ್ಬಾ ಹಾಕ್ಕಂಡು, ಮೂಲೇಲಿ ಕುರ್ಚಿ ಮೇಲೆ. "ನೋಡೋಣ ಅಂತ ಬಂದೆ ಕಣಮ್ಮ. ಕೈಲಾಗ್ಲಿಲ್ಲ ಅಂದ್ರೆ ನಾನು ಇದೀನಿ" ಅಂದ್ರು.

ಟೈಲರ್ ಅಕ್ಕ ನನ್ನ ಕೈಯಲ್ಲಿದ್ದ ಕಾಯಿ ನೋಡಿ, "ಏನೇ ಅದು, ಕಟಿಂಗ್ ಶಾಪಿಂದ ಅರ್ಧಕ್ಕೆ ಎದ್ದು ಬಂದಂಗೈತೆ?" ಅಂದ್ಲು. ಬಾಗಿಲ ಕಡೆ ನೋಡಿ, "ನಿಮ್ಮ ಚಿಕ್ಕಮ್ಮ?" ಅಂತ ಮೆಲ್ಲಗೆ ಕೇಳಿದ್ಲು. ನಾನು ಇಲ್ಲ ಅಂತ ತಲೆ ಅಲ್ಲಾಡಿಸ್ದೆ.

ಟೀಚರಮ್ಮ ಎದ್ದು ಎರಡು ಮಾತಾಡಿ, "ಈಗ ನಮ್ಮ ಸಂಘದಲ್ಲೇ ಮೊದಲ್ನೇ ಸಲ" ಅಂತ ನನ್ನ ಕಡೆ ಕೈ ತೋರಿಸಿದ್ರು. ನಾನು ಮೂರು ಲೋಕಕ್ಕೂ ಕೇಳೋ ಹಂಗೆ ಉಸಿರು ಎಳ್ಕಂಡು, ಕಾಯಿ ಎತ್ತಿ ಕಲ್ಲಿಗೆ ಹೊಡ್ದೆ.

ಕಟಾರ್ ಅಂತು. ಚಿಪ್ಪು ಎರಡಾಯ್ತು. ಒಂದು ಹನಿ ನೀರು ಬರ್ಲಿಲ್ಲ. ಬದ್ಲಿಗೆ ಒಳಗಿಂದ ಒಂದು ಉಂಡೆ ಕೊಬ್ಬರಿ, ಕಂದು ಬಣ್ಣದ್ದು, ಗುಂಡಗೆ, ಒಂದು ಗೀರೂ ಇಲ್ಲದೆ ಈಚೆ ಬಂತು. ಬಂದಿದ್ದೇ ನೆಲದ ಮೇಲೆ ಉರುಳೋಕೆ ಶುರು ಮಾಡ್ತು. ನಂಗಂತೂ ಇನ್ನೂ ಕನಸಲ್ಲೇ ಇದೀನಿ ಅನ್ನಿಸ್ತು, ಇನ್ನೇನು ಅದು ಮೇಲಕ್ಕೆ ಎದ್ದು ಹೆಂಚು ಸರಿಸ್ತದೆ ಅಂತ ಕಾಯ್ತಿದ್ದೆ.

"ಅಯ್ಯೋ, ಅಟ್ಟದ ಕಾಯಿ!" ಅಂದ್ರು ಟೀಚರಮ್ಮ.

"ಮೊದಲ್ನೇ ಏಟಿಗೇ ನೀರಿಲ್ಲ. ಇದೇನು ಶಕುನಾನೋ" ಅಂದ್ರು ಮಾವ. ಅವರ ಮುಖದಲ್ಲಿ ಬೇಜಾರೇನೂ ಇರ್ಲಿಲ್ಲ.

"ಹೆರಿಗೆ ಸಲೀಸಾಗಿ ಆಯ್ತು ಅನ್ಕಳ್ಳಿ ಮಾವ" ಅಂದ್ಲು ಟೈಲರ್ ಅಕ್ಕ. "ಮಗು ದುಂಡಗೈತೆ."

ಉಂಡೆ ಯಾರ ಮಾತೂ ಕೇಳ್ದೆ ಚಾಪೆ ಅಂಚು ಹಿಡ್ಕಂಡು ಬಾಗಿಲಿಗೆ ಹೋಯ್ತು, ಹೊಸ್ತಿಲು ಹತ್ತಿ ಇಳೀತು, ಮೆಟ್ಟಿಲ ಮೇಲೆ ಟಕ್, ಟಕ್ ಅಂತ ಕುಣಿದು ಗೋಡೌನಿನ ಅಂಗಳಕ್ಕೆ ಬಿತ್ತು. ನಾನು ಹಿಂದೇನೇ ಓಡಿದೆ. ಅಂಗಳದಲ್ಲಿ ಅದು ಒಂದು ಕಾಲಿನ ಹತ್ರ ನಿಂತ್ತು. ಹವಾಯಿ ಚಪ್ಪಲಿ, ಬೆರಳ ಸಂದೀಲಿ ಸಗಣಿ. ತಲೆ ಎತ್ತಿ ನೋಡಿದ್ರೆ ಚಿಕ್ಕಮ್ಮ.

ಏದುಸಿರು ಬಿಡ್ತಿದ್ಲು. ಕೈಯಲ್ಲಿ ಒಂದು ಹಸಿ ಕಾಯಿ, ನೀಟಾಗಿ ಜುಟ್ಟು ಬಿಟ್ಟು ಸುಲಿದಿದ್ದು.

"ಮಟ್ಟೆ ನೋಡ್ದೆ ಕಣೇ" ಅಂದ್ಲು. "ಗೂಟದ ಹತ್ರ ಬಿದ್ದಿತ್ತಲ್ಲ. ಒಣಗಿ ಪುಡಿ ಪುಡಿ ಆಗೈತೆ. ಮೂಲೇಲಿ ಹಾಕಿದ್ದ ಹಸಿ ಕಾಯಿ ಹಾಕಿದಂಗೇ ಅವೆ. ಎದೆ ಧಸಕ್ ಅಂತು. ಆ ಜುಬ್ಬಾದೋರ ಮುಂದೆ ಮಾನ ಹೋಗ್ತದಲ್ಲಾ ಅಂತ ಓಡಿ ಬಂದೆ. ಹೊಡೆದೇಬಿಟ್ಯಾ?"

"ಹೊಡೆದೆ. ಗಂಡುಮಗು."

ಕಾಯಿ ನನ್ನ ಕೈಗೆ ತುರುಕಿದ್ಲು. "ಹೋಗು, ಇದನ್ನ ಒಡಿ. ನಾನು ಹೊರಟೆ, ಹಸ ಬಿಟ್ಟು ಬಂದಿದೀನಿ."

ಅಷ್ಟೊತ್ತಿಗೆ ಎಲ್ರೂ ಬಾಗಿಲಿಗೆ ಬಂದಿದ್ರು. "ಬಂದೋಳು ಒಳಗೆ ಬಾರೇ" ಅಂದ್ಲು ಟೈಲರ್ ಅಕ್ಕ. "ಹಸ ಏನು ಓಡಿ ಹೋಗಿ ಇನ್ನೊಬ್ರನ್ನ ಮದ್ವೆ ಆಗ್ತದಾ?"

"ಮೊದಲ್ನೇ ದಿನ ಕಣ್ರೀ" ಅಂದ್ಲು ಚಿಕ್ಕಮ್ಮ, ಮೆತ್ತಗೆ. "ಬ್ಯಾಡ ಬುಡ್ರಿ."

ತಾಲ್ಲೂಕ್ ಆಫೀಸಿನ ಬಾಗಿಲಲ್ಲಿ ಗಂಟಲು ಹರ್ಕಂಡ ಹೆಂಗಸ್ರು ಇವ್ರು. ಸ್ಟೇಷನ್ನಲ್ಲಿ ಮೇಜು ಕುಟ್ಟಿದೋರು. ಒಬ್ರೂ ಒಂದು ಮಾತು ಆಡ್ಲಿಲ್ಲ. ಟೀಚರಮ್ಮ ತಮ್ಮ ಕೈಯಲ್ಲಿದ್ದ ಕುಂಕುಮದ ತಟ್ಟೆ ನೋಡ್ಕಂಡು ನಿಂತ್ರು. ಅದನ್ನ ಎಲ್ಲಿಡಬೇಕು ಅಂತ ಅವರಿಗೆ ಗೊತ್ತಾಗ್ಲಿಲ್ಲ. ನನ್ನ ಹತ್ರನೂ ಯಾವ ತಮಾಷೆನೂ ಉಳಿದಿರ್ಲಿಲ್ಲ. ಉಂಡೆ ಹೊಸ್ತಿಲು ದಾಟಿ ಈಚೆ ಬಂದಿತ್ತು, ಚಿಕ್ಕಮ್ಮ ದಾಟಿ ಒಳಗೆ ಹೋಗ್ಲಿಲ್ಲ.

ಏನು ಮಾಡಬೇಕು ಅಂತ ತಿಳೀದೆ ಒಳಗೆ ಹೋಗಿ ಕಾಯಿ ಎತ್ತಿ ಹೊಡ್ದೆ. ಕಾಯಿ ಜಾರ್ತು. ಕಲ್ಲಿನ ಅಂಚು ಮುರೀತು. ಮತ್ತೆ ಹೊಡ್ದೆ. ಊದಿನಕಡ್ಡಿ ಹಾರಿ ಮಾವನ ಜುಬ್ಬದ ಮೇಲೆ ಬಿತ್ತು, ಅವರು ಕುರ್ಚಿ ಸಮೇತ ಎದ್ರು. ಕಾಯಿಗೆ ಏನೂ ಆಗಿರ್ಲಿಲ್ಲ, ಇನ್ನೂ ಚೆಲುವಾಗಿ ಕಾಣ್ತಿತ್ತು.

"ಹಂಗಲ್ಲ ಕಣೇ!" ಅಂತ ಅಂಗಳದಿಂದ ಕೂಗು ಬಂತು. "ಉದ್ದುದ್ದ ಹಿಡೀಬ್ಯಾಡ, ಅಡ್ಡಡ್ಡ ಹಿಡಿ!"

ನೋಡಿದ್ರೆ ಅವಳ ಒಂದು ಕಾಲು ಮೊದಲ್ನೇ ಮೆಟ್ಟಿಲ ಮೇಲೆ ಐತೆ.

ನಂಗೆ ಬುದ್ಧಿ ಬರೋದು ಅಪರೂಪ. ಬಂದಾಗ ಗುರುತು ಸಿಗ್ತದೆ, ಯಾಕಂದ್ರೆ ಹೊಸ ಮುಖ. ನಾನು ಕಾಯನ್ನ ಇನ್ನೂ ಉದ್ದುದ್ದ ಹಿಡ್ದೆ.

"ಹಿಂಗಾ ಚಿಕ್ಕಮ್ಮ?"

"ಅಯ್ಯೋ, ಅದಲ್ಲ! ತಿರುಗಿಸು!"

ಜುಟ್ಟು ಕೆಳಗೆ ಮಾಡಿ ತಿರುಗಿಸ್ದೆ. ಜೀವಮಾನದ ತಪ್ಪುಗಳ ಅನುಭವ ಎಲ್ಲಾ ಒಂದೇ ಕೈಗೆ ತಂದ್ಕಂಡು ಹೊಡ್ದೆ. ಕಲ್ಲು ಬಿಟ್ಟು ನೆಲಕ್ಕೆ ಬಿತ್ತು. ಅವಳು ಮೇಲಿನ ಮೆಟ್ಟಿಲಿಗೆ ಬಂದಿದ್ಲು, ಕೈ ತಾನಾಗೇ ಗಾಳೀಲಿ ಇಲ್ಲದ ಕಾಯಿ ಹಿಡಿದು ಹೊಡೀತಾ ಇತ್ತು. ಟೈಲರ್ ಅಕ್ಕ ನನ್ನ ಮುಖ ನೋಡಿದ್ಲು, ಅವಳ ಮುಖ ನೋಡಿದ್ಲು, ಬಾಗಿಲಿಂದ ಸದ್ದಿಲ್ಲದೆ ಪಕ್ಕಕ್ಕೆ ಸರಿದು ದಾರಿ ಬಿಟ್ಲು. ಒಬ್ಬೊಬ್ರೇ ಎಲ್ರೂ ಸರಿದ್ರು.

"ಹೋಗ್ಲಿ ಬುಡಮ್ಮ, ನಾನೇ ಒಡೆದು ಕೊಡ್ತೀನಿ" ಅಂತ ಮಾವ ಕೈ ಚಾಚಿದ್ರು.

ನಾನು ಇನ್ನೊಂದು ಏಟು ಎತ್ತಿದೆ. ನನ್ನ ಹೆಬ್ಬೆರಳಿಗೇ ಗುರಿ ಇಟ್ಟಿದ್ದೆ, ಅಷ್ಟು ಭಕ್ತಿ.

"ಕೊಡಿಲ್ಲಿ, ಕಾಯಿ ಜೀವ ತಗೀಬ್ಯಾಡ!"

ಕಾಯಿ ನನ್ನ ಕೈಯಲ್ಲಿರ್ಲಿಲ್ಲ. ಚಿಕ್ಕಮ್ಮ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ಲು. ಒಂದೇ ಏಟು. ಟಪ್. ಗೆರೆ ಎಳೆದು ಸೀಳಿದಂಗೆ ಎರಡು ಸಮ ಹೋಳು, ನೀರು ಎದ್ದು ನನ್ನ ಮುಖಕ್ಕೆ, ಟೀಚರಮ್ಮನ ಕನ್ನಡಕಕ್ಕೆ, ಕುಂಕುಮದ ತಟ್ಟೆಗೆ.

ಆಮೇಲೆ ಅವಳಿಗೆ ಗೊತ್ತಾಯ್ತು ತಾನು ಎಲ್ಲಿದೀನಿ ಅಂತ. ಎರಡು ಕೈಯಲ್ಲೂ ಹೋಳು ಹಿಡ್ಕಂಡು ಸುತ್ತ ನೋಡಿದ್ಲು. ಹೊಸ್ತಿಲು ಹಿಂದಿತ್ತು. ಬಾಗಿಲಿಂದ ಇಳಿಬಿಸಿಲು ಉದ್ದಕ್ಕೆ ಬಂದು ಅವಳ ಬೆನ್ನ ಮೇಲೆ ಕೂತಿತ್ತು, ಸೆರಗಿಗಂಟಿದ್ದ ನಾರಿನ ಎಳೆ ಒಂದೊಂದೂ ಹೊಳೀತಿತ್ತು. ಊದಿನಕಡ್ಡಿ ಹೊಗೆ ನಿಂತಲ್ಲೇ ನಿಂತಿತ್ತು.

ಟೀಚರಮ್ಮ ಕುಂಕುಮದ ತಟ್ಟೆ ಮಾವನ ಕೈಗೆ ಕೊಟ್ರು. ಅವರು ಸುಮ್ನೆ ಹಿಡ್ಕಂಡ್ರು. ಅವರು ಆ ದಿನ ಮಾಡಿದ ಒಂದೇ ಕೆಲ್ಸ ಅದು, ಚೆನ್ನಾಗಿ ಮಾಡಿದ್ರು. ಟೀಚರಮ್ಮ ಚಿಕ್ಕಮ್ಮನ ಎದುರಿಗೆ ಮಂಡಿ ಊರಿ ಕೂತು, ಚಾಕು ತಗಂಡು, ಹೋಳಿಂದ ಒಂದು ಚೂರು ಎಬ್ಬಿಸಿ ಅವಳ ಅಂಗೈ ಮೇಲೆ ಇಟ್ರು.

"ಹೇಳವ್ವ" ಅಂದ್ರು. "ಈ ವರ್ಷ ಏನು ಮಾಡ್ತೀಯ?"

ಚಿಕ್ಕಮ್ಮ ಚೂರನ್ನ ಬಾಳ ಹೊತ್ತು ನೋಡಿದ್ಲು. ಆ ಹೊತ್ತಲ್ಲಿ ಅಟ್ಟದ ಮೇಲೆ ಎಷ್ಟು ಕಾಯಿ ಟಕ್ ಅಂದಿರ್ಬೋದು ಅಂತ ನಾನು ಯೋಚಿಸ್ತಿದ್ದೆ. ಎದ್ದು ಹೋಗ್ತಾಳೆ ಅಂತನೂ ಅನ್ನಿಸ್ತು. ಕಾಲು ಒಂಚೂರು ಅಲ್ಲಾಡ್ತು ಕೂಡ.

"ಹೋದ ವರ್ಷದ್ದೇ ಬಾಕಿ ಐತೆ" ಅಂದ್ಲು. "ಆ ಬಸ್ಸು."

ಚೂರು ಬಾಯಿಗೆ ಹಾಕ್ಕಂಡ್ಲು. ಹಸಿ ಕಾಯಿ ಅಗಿಯೋ ಸದ್ದು ಗೋಡೌನ್ ತುಂಬಾ ಕೇಳ್ತು.

ಆಮೇಲೆ ಎಲ್ರದ್ದೂ ಆಯ್ತು. ಟೈಲರ್ ಅಕ್ಕ, ಕಾಲುವೆ ಏರಿ ಮೇಲೆ ದೀಪ ಹಾಕಿಸ್ತೀನಿ ಅಂದ್ಲು. ನಾನು ಎದ್ದು ನಿಂತಾಗ ಯಾರೋ ಹಿಂದಿನಿಂದ, "ಕಾಯಿ ಗುರುತು ಹಿಡಿಯೋದು ಕಲಿತೀನಿ ಅನ್ನು" ಅಂದ್ರು. ಹಂಗೇ ಅಂದು ತಿಂದೆ. ತಿಂದ ಮೇಲೆ ವಾಪಸ್ ಇಲ್ಲ. ಅಟ್ಟದ ಉಂಡೇನ ತಂದು ತೊಳೆದು ಕುಯ್ದು ಬೆಲ್ಲದ ಜೊತೆ ಹಂಚಿದ್ರು. ಮಾವ ಎರಡು ಸಲ ಇಸ್ಕಂಡ್ರು.

ಹೊರಡೋ ಹೊತ್ತಿಗೆ ಕುಂಕುಮದ ತಟ್ಟೆ ಸುತ್ತ ಬಂತು. ಚಿಕ್ಕಮ್ಮನ ಮುಂದೆ ಬಂದು ನಿಂತ್ತು. ಟೀಚರಮ್ಮ ಹಿಂದಕ್ಕೆ ತಗೀಲಿಲ್ಲ. ಚಿಕ್ಕಮ್ಮ ಕುಂಕುಮ ಮುಟ್ಲಿಲ್ಲ. ಒಂದು ಸೇವಂತಿಗೆ ಎತ್ಕಂಡು, ಮುಡೀಲಿಲ್ಲ, ಮುಷ್ಟೀಲಿ ಮುಚ್ಕಂಡ್ಲು. "ಇದು ಹಸಕ್ಕೆ" ಅಂದ್ಲು. ಯಾರೂ ಒತ್ತಾಯ ಮಾಡ್ಲಿಲ್ಲ.

ಮಂಜು ಇನ್ನೂ ಹೋಗಿರದ ಅದೇ ತಿಂಗಳಲ್ಲಿ ಒಂದು ಸಾಯಂಕಾಲ ನಾವು ಕಿಬ್ಬನಹಳ್ಳಿ ಕ್ರಾಸಲ್ಲಿ ನಿಂತಿದ್ವಿ. ಅಂಗಳದಿಂದ ಬಂದ ಹೆಂಗಸ್ರು ಬಾಳ ಜನ ಇದ್ರು. ಮೈಮೇಲಿನ ನಾರಿನ ಪುಡಿಗೆ ಇಳಿಬಿಸಿಲು ಬಿದ್ದು ಎಲ್ರೂ ಅಂಚು ಕರಗಿ ಹೊಳೀತಿದ್ರು, ಅರ್ಧ ಮನುಷ್ಯರು ಅರ್ಧ ಬೆಳಕು ಇದ್ದಂಗೆ. ಮುಂದೆ, ಟಾರಿನ ಅಂಚಿಗೆ ಕಾಲಿಟ್ಕಂಡು ಚಿಕ್ಕಮ್ಮ. ನನ್ನ ಕೈಲಿ ಒಂದು ಹಳೇ ಬೆಡ್‌ಶೀಟು, ಸೀಟು ಕೊಳೆ ಅಂದ್ರೆ ಹಾಸೋಕೆ. ಅದು ಅವಳದೇ ಉಪಾಯ.

"ಅವತ್ತು ಬೇಕಂತ್ಲೇ ತಪ್ಪಿಸಿ ಹೊಡೆದೆ ಅಲ್ವೇನೇ?" ಅಂದ್ಲು ರಸ್ತೆ ನೋಡ್ತಾನೇ.

"ಇಲ್ಲ ಚಿಕ್ಕಮ್ಮ. ನಾನು ಹುಟ್ಟಿದ್ದೇ ಹಿಂಗೆ."

"ಮೊದಲ ಎರಡು ಏಟು ನಿಂದೇ. ಆಮೇಲಿಂದು ನಾಟಕ." ಅವಳು ನಕ್ಲು. ಮಳೆಗಾಲದಿಂದ ಕೇಳಿರ್ಲಿಲ್ಲ ಆ ನಗು.

ಬಸ್ಸು ದೂರದಲ್ಲಿ ಕಾಣಿಸ್ತು. ಮೊದ್ಲು ಎರಡು ಹಳದಿ ಕಣ್ಣು, ಆಮೇಲೆ ಮೈ. ಚಿಕ್ಕಮ್ಮ ಕೈ ಎತ್ತಿದ್ಲು. ಎತ್ತಿದ ಕೈ ಇಳಿಸ್ದೆ ರಸ್ತೆಗೆ ಇನ್ನೊಂದು ಹೆಜ್ಜೆ ಇಟ್ಲು. ಹಿಂದೆ ಎಲ್ರೂ ಇಟ್ರು. ಬಸ್ಸು ಹಾರನ್ ಮಾಡ್ತು, ನಮ್ಮನ್ನ ಬಳಸಿ ದಾಟ್ತು, ಹೋಗೇಬಿಡ್ತು ಅನ್ನೋ ಹೊತ್ತಿಗೆ ಒಂಚೂರು ಮುಂದೆ ಹೋಗಿ ಕಿರ್ ಅಂತ ನಿಂತ್ತು.

"ಓಡ್ರೇ!" ಅಂದ್ಲು ಚಿಕ್ಕಮ್ಮ.

ಎಲ್ರೂ ಓಡಿದ್ರು. ನಾನು ಬೆಡ್‌ಶೀಟು ಕಾಲಿಗೆ ಸುತ್ಕಂಡು ಬಿದ್ದೆ.